ಮರಕ್ಕೆ ಆರಿಂಚು

ಆರು ಕೋಳಿಗೆ ಒಂದು ಚಪ್ಪರ ಹಾಕೋದರಲ್ಲಿ ಎಂಥ ಇಂಜಿನಿಯರಿಂಗ್ ಇದೆ ಅಂತ ನೀವು ಕೇಳಬಹುದು. 2022ರ ಬೇಸಿಗೆಯಲ್ಲಿ ನಾನೂ ಅದನ್ನೇ ಕೇಳಿಕೊಂಡಿದ್ದೆ. ಬಿ.ಇ. ಓದಿದ್ದೇನೆ, ಹತ್ತು ವರ್ಷಕ್ಕೂ ಮೇಲಾಯ್ತು ಸಾಫ್ಟ್‌ವೇರ್ ಬರೆದು ಅನ್ನ ತಿನ್ನುತ್ತಿದ್ದೇನೆ, ಅದಕ್ಕೂ ಮೊದಲು ಹದಿನೆಂಟು ವರ್ಷ ಹಳ್ಳಿಯಲ್ಲಿ ಕೋಳಿಗಳ ನಡುವೆಯೇ ಬೆಳೆದಿದ್ದೇನೆ. ಇಷ್ಟು ಅರ್ಹತೆ ಸಾಲದಾ? ಸಾಲಲಿಲ್ಲ. ನಾನು ಹಾಕಿದ ಮೊದಲ ಚಪ್ಪರ ಏಳು ತಿಂಗಳು ನಿಂತಿತ್ತು. ಬೀಳುವಾಗ ಒಂದು ಕೋಳಿಯನ್ನೂ ತೆಗೆದುಕೊಂಡು ಹೋಯ್ತು.

ನಾವಿರೋದು ಅಮೆರಿಕದ ಮಿನ್ನೆಸೋಟದಲ್ಲಿ, ಸೇಂಟ್ ಪಾಲ್ ನಗರದ ಹೊರವಲಯ. ನವೆಂಬರಿನಿಂದ ಮಾರ್ಚ್ ಕೊನೆಯವರೆಗೆ ಇಲ್ಲಿ ಚಳಿಗಾಲ. ಕೆಲವು ರಾತ್ರಿ ಮೈನಸ್ 25 ಡಿಗ್ರಿ ಆಗುತ್ತೆ. ನಾನು ಹುಟ್ಟಿದ್ದು ತೀರ್ಥಹಳ್ಳಿ ತಾಲ್ಲೂಕಿನಲ್ಲಿ. ವರ್ಷಕ್ಕೆ 7,000 ಮಿಲಿಮೀಟರ್ ದಾಟಿ ಮಳೆ ಸುರಿಯೋ ಆಗುಂಬೆ ಇರೋದೂ ಅದೇ ತಾಲ್ಲೂಕಿನಲ್ಲಿ. ಹಾಗಾಗಿ ಆಕಾಶದಿಂದ ಬೀಳೋದರ ಬಗ್ಗೆ ನನಗೆ ಪಾಠ ಬೇಕಿಲ್ಲ ಅನ್ನೋ ಧಿಮಾಕು ಇತ್ತು. ಮಳೆ ಬಿದ್ದು ಹರಿದು ಹೋಗುತ್ತೆ, ಹಿಮ ಬಿದ್ದು ಅಲ್ಲೇ ಕೂತುಕೊಳ್ಳುತ್ತೆ. ಇಷ್ಟು ಸಣ್ಣ ವ್ಯತ್ಯಾಸ ಅರ್ಥ ಆಗೋಕೆ ನನಗೆ ಒಂದು ಚಳಿಗಾಲ ಬೇಕಾಯ್ತು.

ನಮ್ಮೂರಲ್ಲಿ ಅಜ್ಜಿಯ ಕೋಳಿಗಳಿಗೆ ಕೊಟ್ಟಿಗೆ ಪಕ್ಕ ಒಂದು ಒಡ್ಡಿ ಇತ್ತು. ಅಡಿಕೆ ದಬ್ಬೆಯ ಗೋಡೆ, ಮೇಲೆ ಉಳಿದ ಹಂಚು. ಸಂಜೆಯಾದರೆ ಅರ್ಧ ಕೋಳಿ ಒಡ್ಡಿಗೆ, ಇನ್ನರ್ಧ ಹಲಸಿನ ಮರಕ್ಕೆ. ಅಜ್ಜಿ ಮರದ ಬುಡದಲ್ಲಿ ನಿಂತು ಒಂದೊಂದನ್ನೇ ಹೆಸರು ಹಿಡಿದು ಬೈದರೂ ಅವು ಇಳೀತಿರಲಿಲ್ಲ. ಬೆಳಗ್ಗೆ ಎಣಿಸಿದಾಗ ಒಂದು ಕಡಿಮೆಯಿದ್ದರೆ ‘ಕಾಡುಬೆಕ್ಕು’ ಅಂತ ಹೇಳಿ ಕಾಫಿ ಕುಡಿಯೋದು. ಅದನ್ನು ಯಾರೂ ವಿನ್ಯಾಸ ಮಾಡಿರಲಿಲ್ಲ.

ಇಲ್ಲಿ ಹಾಗಲ್ಲ. ಕೋಳಿ ಸಾಕೋಕೆ ಊರಿನ ಆಡಳಿತದ ಪರವಾನಗಿ ಬೇಕು. ಹುಂಜ ಇಟ್ಟುಕೊಳ್ಳುವ ಹಾಗಿಲ್ಲ. ಮಲಗೋಕೆ ಮರದ ಬೆಚ್ಚನೆ ಗೂಡು ಬೇರೆ, ಹಗಲು ಓಡಾಡೋಕೆ ಜಾಲರಿ ಹಾಕಿದ ಅಂಗಳ ಬೇರೆ. ಗೂಡು ರೆಡಿಮೇಡ್ ಸಿಕ್ಕಿತು. ತಲೆನೋವು ಬಂದಿದ್ದು ಅಂಗಳದ್ದು. ಅದಕ್ಕೆ ಮುಚ್ಚಿಗೆ ಇಲ್ಲದಿದ್ದರೆ ನಡೆಯೋದಿಲ್ಲ. ಮೇಲಿಂದ ಗಿಡುಗ ಬರುತ್ತೆ, ರಾತ್ರಿ ರಕೂನ್ ಹತ್ತುತ್ತೆ. ಆ ವರ್ಷ ಮಿನ್ನೆಸೋಟದ ಟರ್ಕಿ ಫಾರಮ್‌ಗಳಲ್ಲಿ ಹಕ್ಕಿಜ್ವರ ಬಂದು, ಕಾಡುಬಾತುಗಳ ಹಿಕ್ಕೆ ಸಾಕಿದ ಕೋಳಿಗಳಿಗೆ ತಾಗದಂತೆ ನೋಡಿಕೊಳ್ಳಿ ಅಂತ ಎಲ್ಲರೂ ಹೇಳುತ್ತಿದ್ದರು. ಎಲ್ಲಕ್ಕಿಂತ ಮುಖ್ಯವಾಗಿ, ಕೋಳಿಗೆ ಹಿಮದ ಮೇಲೆ ಕಾಲಿಡೋದು ಇಷ್ಟವಿಲ್ಲ. ಅಂಗಳದಲ್ಲಿ ಹಿಮ ತುಂಬಿದರೆ ಅವು ನಾಲ್ಕು ತಿಂಗಳು ಗೂಡಿನೊಳಗೇ ಕೂತು ಬೇಸರಕ್ಕೆ ಒಂದರ ಗರಿ ಒಂದು ಕಿತ್ತುಕೊಳ್ಳುತ್ತವೆ.

ಹಿತ್ತಲಲ್ಲಿ ಸಮತಟ್ಟಾದ ಜಾಗ ಇದ್ದಿದ್ದು ಒಂದೇ ಕಡೆ. ಅಲ್ಲಿ ಎರಡು ಮರ, ಹನ್ನೊಂದು ಅಡಿ ಅಂತರದಲ್ಲಿ. ಒಂದು ಬರ್ ಓಕ್, ಬುಡದ ದಪ್ಪ 20 ಇಂಚು. ಇನ್ನೊಂದು ಸಿಲ್ವರ್ ಮೇಪಲ್, 14 ಇಂಚು. ಕಡಿಸಿಬಿಡೋಣ ಅಂದೆ. ಆಗ ಆರು ವರ್ಷದವಳಿದ್ದ ಮಗಳು ಎರಡು ದಿನ ನನ್ನ ಜೊತೆ ಮಾತು ಬಿಟ್ಟಳು. ಅವಳ ಕಡೆಯೇ ನ್ಯಾಯ ಇತ್ತು ಅನ್ನಿ. ಬೇಸಿಗೆಯಲ್ಲಿ ಕೋಳಿಗೆ ನೆರಳು ಬೇಕು. ಮರದ ಬುಡದ ಒಣಮಣ್ಣಲ್ಲಿ ಹೊರಳಾಡೋದಂದ್ರೆ ಅವಕ್ಕೆ ಸ್ವರ್ಗ. ಹಾಗಾಗಿ ಮರ ಒಳಗೇ ಇರುವಂತೆ, ಅದರ ಸುತ್ತ 12 ಅಡಿ ಅಗಲ, 20 ಅಡಿ ಉದ್ದದ ಅಂಗಳ ಮಾಡೋದು ಅಂತ ತೀರ್ಮಾನವಾಯ್ತು.

ಇಲ್ಲಿ ನನ್ನ ಬುದ್ಧಿವಂತಿಕೆ ಕೆಲಸ ಮಾಡಿತು. ದೇವರು ಕೊಟ್ಟ ಎರಡು ಕಂಬ ನಿಂತಿರುವಾಗ ಬೇರೆ ಕಂಬ ಯಾಕೆ? ಎರಡೂ ಮರಕ್ಕೆ ಕೊಕ್ಕೆ ತಿರುಗಿಸಿ, ನಡುವೆ ಉಕ್ಕಿನ ತಂತಿ ಎಳೆದು, ಅದರ ಮೇಲೆ ನೈಲಾನ್ ಬಲೆ ಹೊದಿಸಿದೆ. ಮರದ ಸುತ್ತ ಬಲೆ ನಿಲ್ಲಲಿ ಅಂತ ಕಾಂಡಕ್ಕೆ ತಂತಿ ಸುತ್ತಿ ಬಿಗಿದೆ. ಶನಿವಾರ ಶುರು ಮಾಡಿ ಭಾನುವಾರ ಸಂಜೆ ಮುಗಿಸಿದೆ. ಒಂದು ಫೋಟೋ ತೆಗೆದು ಊರಿಗೆ ಕಳಿಸಿದೆ.

ಅಪ್ಪಯ್ಯ ವಿಡಿಯೋ ಕಾಲ್ ಮಾಡಿದರು. ಫೋನನ್ನು ಮೂಗಿನ ಹತ್ತಿರ ಹಿಡಿದು ನೋಡಿದರು. “ಅಲ್ಲ ಮಾರಾಯ, ಮರಕ್ಕೆ ಯಾಕೆ ಕಟ್ಟಿದ್ದೀಯ? ಮರ ಅಲ್ಲಾಡ್ತದೆ.”

“ಸ್ವಲ್ಪ ಅಲ್ಲಾಡಿದ್ರೆ ಏನಾಗಲ್ಲ ಅಪ್ಪಯ್ಯ. ಇದು ಪರ್ಮನೆಂಟ್ ಅಲ್ಲ. ಒಂದೆರಡು ವರ್ಷಕ್ಕೆ ಅಷ್ಟೆ.”

“ಒಂದೆರಡು ವರ್ಷಕ್ಕಾ?” ಅಂದರು. ಆ ಧ್ವನಿಯಲ್ಲಿ ಕೋಳಿಯ ವಿಷಯ ಇರಲಿಲ್ಲ ಅಂತ ಈಗ ಗೊತ್ತಾಗುತ್ತೆ.

ಈ ‘ಒಂದೆರಡು ವರ್ಷ’ ಅನ್ನೋದು ನಮ್ಮನೆಯ ಹಳೇ ಮಾತು. ನಾನು ಇಲ್ಲಿಗೆ ಬಂದಿದ್ದು 2014ರಲ್ಲಿ. ಬಂದ ದಿನವೇ ಎರಡು ವರ್ಷ ಅಂತ ಹೇಳಿದ್ದೆ. ಆಮೇಲೆ ಮಗಳು ಹುಟ್ಟಿದಳು, ಗ್ರೀನ್ ಕಾರ್ಡ್ ಅರ್ಜಿ ಹಾಕಿಯಾಯ್ತು, ಭಾರತದವರ ಸಾಲು ಎಷ್ಟುದ್ದ ಅಂತ ನಿಮಗೆ ಗೊತ್ತೇ ಇದೆ. 2021ರಲ್ಲಿ ಮನೆ ಕೊಂಡಾಗಲೂ ‘ಬಾಡಿಗೆಗಿಂತ ಕಂತು ಕಮ್ಮಿ’ ಅಂತ ಸಮಜಾಯಿಷಿ ಕೊಟ್ಟೆವು. ಗೋಡೆಗೆ ಮೊಳೆ ಹೊಡೆಯೋಕೂ ಯೋಚಿಸೋ ಜನ ನಾವು. ನೆಲಮಾಳಿಗೆಯಲ್ಲಿ ಬಿಚ್ಚದ ಡಬ್ಬಗಳು ಇನ್ನೂ ಇವೆ. ಕೋಳಿ ಚಪ್ಪರವನ್ನೂ ಅದೇ ಲೆಕ್ಕದಲ್ಲಿ ಹಾಕಿದ್ದೆ.

ಅತ್ತ ಊರಲ್ಲಿ ಅಪ್ಪಯ್ಯನ ಲೆಕ್ಕವೂ ಇದಕ್ಕೇ ತಗುಲಿಕೊಂಡಿತ್ತು. ಎಲೆಚುಕ್ಕಿ ರೋಗ ಬಂದು ಕೆಳಗಿನ ತೋಟದ ಅಡಿಕೆ ಮರಗಳು ಸೊರಗುತ್ತಿದ್ದವು. ಹೊಸ ಸಸಿ ಹಾಕಿದರೆ ಫಸಲಿಗೆ ಐದಾರು ವರ್ಷ. “ಹಾಕ್ಲಾ, ಬೇಡ್ವಾ?” ಅಂತ ಫೋನಲ್ಲಿ ಕೇಳೋರು. “ನೋಡಣ ಅಪ್ಪಯ್ಯ, ಬಂದಾಗ ಮಾತಾಡಣ” ಅಂತ ನಾನು. ಈ ಸಂಭಾಷಣೆ ಎಷ್ಟು ಸಲ ಆಗಿದೆಯೋ ಲೆಕ್ಕ ಇಟ್ಟಿಲ್ಲ.

ಆರು ಕೋಳಿಗಳಿಗೆ ಮಗಳು ಹೆಸರಿಟ್ಟಳು. ಇಡ್ಲಿ, ವಡೆ, ಚಟ್ನಿ, ಕಡುಬು, ಹೋಳಿಗೆ. ಆರನೆಯದು ಕೆಂಪಗಿತ್ತು, ಅದಕ್ಕೆ ಕೆಂಚಿ ಅಂತ ಅವಳ ಅಜ್ಜಯ್ಯ ಫೋನಲ್ಲೇ ನಾಮಕರಣ ಮಾಡಿದರು. ಬೇಸಿಗೆ ಕಳೆಯಿತು. ಅಕ್ಟೋಬರಿನಲ್ಲಿ ಎಲೆ ಉದುರಿ ಬಲೆಯ ತುಂಬ ಕೂತಿತು, ಕೋಲು ಹಿಡಿದು ಬಡಿದು ಬೀಳಿಸಿದೆ. ಗಾಳಿ ಬಂದಾಗ ಎರಡು ಮರ ಎರಡು ದಿಕ್ಕಿಗೆ ತೂಗಿ ತಂತಿ ಕಿರ್ ಅನ್ನೋದು. ಅಲ್ಲಲ್ಲಿ ಬಲೆ ಹರೀತಿತ್ತು, ಹೊಲೀತಿದ್ದೆ. ಮೊದಲ ಹಿಮ ಬಿದ್ದಾಗ ಬೆಳಗ್ಗೆ ಎದ್ದು ಪೊರಕೆಯಿಂದ ತಟ್ಟಿದೆ, ಪುಡಿಪುಡಿಯಾಗಿ ಉದುರಿತು. ಇಷ್ಟೇನಾ ಅನ್ನಿಸಿತು.

2023ರ ಜನವರಿ ಮೊದಲ ವಾರ ಬಿದ್ದ ಹಿಮ ಬೇರೆ ಜಾತಿಯದು. ಒದ್ದೆ ಹಿಮ. ಸೇಂಟ್ ಪಾಲ್ ಸುತ್ತಮುತ್ತ ಒಂದಡಿಗೂ ಹೆಚ್ಚು ಬಿತ್ತು. ಅದು ಉದುರೋದಿಲ್ಲ, ಅಂಟಿಕೊಳ್ಳುತ್ತೆ. ಬಲೆಯ ಎಳೆಗೆ ಅಂಟಿ, ಕಣ್ಣು ಮುಚ್ಚಿ, ಬಲೆಯೇ ಒಂದು ಬಿಳೀ ಹಾಸಿಗೆಯ ಹಾಗಾಯ್ತು. ರಾತ್ರಿ ಹನ್ನೊಂದಕ್ಕೆ ಒಮ್ಮೆ ಹೋಗಿ ತಟ್ಟಿ ಬಂದು ಮಲಗಿದೆ.

ಗೂಡಿನ ಬಾಗಿಲಿಗೆ ಟೈಮರ್ ಇಟ್ಟಿದ್ದೆ, ಎಂಟು ಗಂಟೆಗೆ ತಾನೇ ತೆರೆದುಕೊಳ್ಳುತ್ತೆ. ನನ್ನ ಹೆಮ್ಮೆಯ ಆಟೊಮೇಷನ್ ಅದು. ಎಂಟಕ್ಕೆ ನಾನು ಬೆಂಗಳೂರಿನ ತಂಡದ ಜೊತೆ ಕಾಲ್‌ನಲ್ಲಿದ್ದೆ, ಅಲ್ಲಿ ರಾತ್ರಿ ಏಳೂವರೆ. ಪ್ರೊಡಕ್ಷನ್‌ನಲ್ಲಿ ಏನೋ ಕೆಟ್ಟಿತ್ತು. ಬಾಗಿಲು ತೆರೆದಾಗ ಬಲೆ ಆಗಲೇ ಹೊಟ್ಟೆ ಬಿಟ್ಟುಕೊಂಡು ಸೊಂಟದೆತ್ತರಕ್ಕೆ ಜೋತಿತ್ತು ಅನ್ನೋದು ಟೈಮರಿಗೆ ಗೊತ್ತಿಲ್ಲ. ಕೋಳಿಗಳು ಹೊರಬಂದವು. ಸ್ವಲ್ಪ ಹೊತ್ತಿಗೆ ಓಕಿನ ಒಂದು ಕೊಂಬೆ ತನ್ನ ಮೇಲಿದ್ದ ಹಿಮವನ್ನೆಲ್ಲ ಒಮ್ಮೆಲೇ ಇಳಿಸಿತು. ಮೇಪಲಿನ ಕಡೆಯ ಕೊಕ್ಕೆ ಕಿತ್ತು ಬಂತು. ಮಗಳು ಕಿಟಕಿಯಲ್ಲಿ ನಿಂತು ನೋಡಿದ್ದಾಳೆ. ನನ್ನ ಕೋಣೆಗೆ ಓಡಿ ಬಂದು “ಅಪ್ಪಾ” ಅಂದಳು. ನಾನು ಒಂದು ನಿಮಿಷ ಅಂತ ಬೆರಳು ತೋರಿಸಿದೆ.

ಆ ಬೆರಳು ನನಗೆ ಇವತ್ತಿಗೂ ನೆನಪಾಗುತ್ತೆ.

ಐದು ಕೋಳಿಗಳು ಗೂಡಿನ ಕೆಳಗೆ ನುಗ್ಗಿ ಉಳಿದಿದ್ದವು. ಹೋಳಿಗೆ ಬಲೆಯಲ್ಲಿ ಸಿಕ್ಕಿ, ಹಿಮದ ಅಡಿ ಸಿಕ್ಕಿತು. ಬರಿಗೈಯಲ್ಲಿ ಬಗೆದೆ. ಸಿಕ್ಕಾಗ ಮೈ ಇನ್ನೂ ಬೆಚ್ಚಗಿತ್ತು. ನೆಲ ಕಲ್ಲಾಗಿರುವಾಗ ಹೂಳೋಕೂ ಆಗಲ್ಲ. ರಟ್ಟಿನ ಡಬ್ಬದಲ್ಲಿಟ್ಟು ಗ್ಯಾರೇಜಿನ ಮೂಲೆಯಲ್ಲಿ ಇಟ್ಟೆವು, ಏಪ್ರಿಲಿನಲ್ಲಿ ಮಣ್ಣು ಸಡಿಲವಾದ ಮೇಲೆ ಹೂಳಿದೆವು. ಮಗಳು ಅತ್ತಳು, ಆದರೆ ನನ್ನನ್ನು ಏನೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿರುತ್ತಿತ್ತು.

ಆ ವಾರ ಕೂತು, ಮೊದಲೇ ಮಾಡಬೇಕಿದ್ದ ಲೆಕ್ಕ ಮಾಡಿದೆ. ಪುಡಿ ಹಿಮ ಒಂದಡಿ ಬಿದ್ದರೆ ಚದರಡಿಗೆ ಸುಮಾರು 5 ಪೌಂಡ್ ಭಾರ. ಒದ್ದೆ ಹಿಮವಾದರೆ ಅದೇ ಒಂದಡಿಗೆ 20 ಪೌಂಡಿನ ಹತ್ತಿರ. ನನ್ನ ಅಂಗಳ 240 ಚದರಡಿ. ಅಂದರೆ 4,800 ಪೌಂಡ್, 2 ಟನ್ನಿಗೂ ಮೇಲೆ. ಹತ್ತಿರ ಹತ್ತಿರ ಮೂರು ಆಲ್ಟೊ ಕಾರು. ಎರಡು ಕೊಕ್ಕೆ, ಒಂದು ತಂತಿ, ಒಂದು ನೈಲಾನ್ ಬಲೆಯ ಮೇಲೆ ಮೂರು ಕಾರು ನಿಲ್ಲಿಸಿದ್ದೆ. ಈ ರಾಜ್ಯದ ಕಟ್ಟಡ ನಿಯಮದ ಪ್ರಕಾರ ನಮ್ಮ ಭಾಗದಲ್ಲಿ ನೆಲದ ಮೇಲಿನ ಹಿಮದ ಭಾರವನ್ನು ಚದರಡಿಗೆ 50 ಪೌಂಡ್ ಅಂತ ಹಿಡಿದು ಮಾಡಿನ ಲೆಕ್ಕ ಶುರು ಮಾಡಬೇಕು. ಇದು ಗುಟ್ಟೇನಲ್ಲ. ಪಕ್ಕದ ಮಿನ್ನಿಯಾಪೊಲಿಸ್‌ನಲ್ಲಿ ಮೆಟ್ರೊಡೋಮ್ ಅಂತ ಒಂದು ಕ್ರೀಡಾಂಗಣ ಇತ್ತು, ಗಾಳಿ ತುಂಬಿ ನಿಲ್ಲಿಸಿದ ಬಟ್ಟೆಯ ಮಾಡು. 2010ರ ಡಿಸೆಂಬರ್ 12ರಂದು, 17 ಇಂಚು ಹಿಮ ಬಿದ್ದ ಮಾರನೇ ದಿನ, ಅದು ಹರಿದು ಒಳಗಿನ ಮೈದಾನದ ಮೇಲೆ ಹಿಮ ಸುರಿದ ವಿಡಿಯೋ ಇಲ್ಲಿ ಎಲ್ಲರೂ ನೋಡಿದ್ದಾರೆ. ನಾನೂ ನೋಡಿ ನಕ್ಕಿದ್ದೆ.

ಪಕ್ಕದ ಮನೆಯಲ್ಲಿ ಒಬ್ಬರು ತಾತ ಇದ್ದಾರೆ. ಬಡಗಿ ಕೆಲಸ ಮಾಡಿ ನಿವೃತ್ತರಾದವರು. ಮಾತು ಕಮ್ಮಿ. ಕುಸಿದ ಬಲೆ ನೋಡಿದರು, ಮೇಪಲಿನ ಕಾಂಡಕ್ಕೆ ನಾನು ಸುತ್ತಿದ್ದ ತಂತಿ ನೋಡಿದರು. ಏಳೇ ತಿಂಗಳಲ್ಲಿ ತಂತಿ ತೊಗಟೆಯೊಳಗೆ ಗೆರೆ ಕೊರೆದಿತ್ತು. ಅವರು ಜೇಬಿನಿಂದ ಕಟಿಂಗ್ ಪ್ಲೇಯರ್ ತೆಗೆದು, ನನ್ನನ್ನು ಕೇಳದೇ ತಂತಿ ಕತ್ತರಿಸಿದರು. ಮರದ ಆಹಾರ ಹರಿಯೋದು ತೊಗಟೆಯ ಒಳಪದರದಲ್ಲಿ. ಸುತ್ತಲೂ ಬಿಗಿದರೆ ಮರ ದಪ್ಪವಾಗುತ್ತ ಆಗುತ್ತ ತನ್ನ ಕುತ್ತಿಗೆ ತಾನೇ ಹಿಸುಕಿಕೊಳ್ಳುತ್ತೆ. ಆಮೇಲೆ ಅವರು ಒಂದೇ ಪ್ರಶ್ನೆ ಕೇಳಿದರು: “ಹೊಸದು ಎಷ್ಟು ವರ್ಷ ನಿಲ್ಲಬೇಕು?”

ಯಾಕೆ ಅಂತ ಕೇಳಿದೆ. ಮಾಡಿನಲ್ಲಿ ಮರಕ್ಕೆ ಎಷ್ಟು ದೊಡ್ಡ ಕಿಂಡಿ ಬಿಡಬೇಕು ಅನ್ನೋದು ಅದರ ಮೇಲೆ ನಿಂತಿದೆ ಅಂದರು. ಕಾಂಡ ವರ್ಷಕ್ಕೆ ಕಾಲಿಂಚಿನಿಂದ ಅರ್ಧ ಇಂಚು ದಪ್ಪವಾಗಬಹುದು, ಮೇಪಲ್ ಜೋರು, ಓಕ್ ನಿಧಾನ. ಎರಡು ವರ್ಷಕ್ಕಾದರೆ ಒಂದಿಂಚು ಸಾಕು. ಹೆಚ್ಚಾದರೆ ಹೆಚ್ಚು ಬಿಡಬೇಕು.

ಎಂಟೊಂಬತ್ತು ವರ್ಷ ಅಪ್ಪಯ್ಯ, ಅಮ್ಮ, ಹೆಂಡತಿ ಎಲ್ಲರೂ ಸುತ್ತಿ ಬಳಸಿ ಕೇಳಿದ ಪ್ರಶ್ನೆಯನ್ನು ಬಡಗಿ ತಾತ ಇಂಚಿನಲ್ಲಿ ಕೇಳಿದ್ದರು. ಅವರಿಗೂ “ನೋಡಣ” ಅಂದೆ. ಅವರು ತಲೆಯಾಡಿಸಿ ಒಳಗೆ ಹೋದರು.

ಉಳಿದ ಚಳಿಗಾಲ ಐದು ಕೋಳಿ ಗ್ಯಾರೇಜಿನಲ್ಲಿ ಕಳೆದವು. ಆ ವರ್ಷ ಹಿಮ ನಿಲ್ಲಲೇ ಇಲ್ಲ, ಇಲ್ಲಿನ ದಾಖಲೆಯಲ್ಲೇ ಅತಿ ಹೆಚ್ಚು ಹಿಮ ಬಿದ್ದ ಚಳಿಗಾಲಗಳಲ್ಲಿ ಅದೂ ಒಂದು. ನಾನು ಸಂಜೆ ಹೊತ್ತು ಕಾಗದದ ಮೇಲೆ ಚಿತ್ರ ಬರೀತಾ ಕೂತೆ. ಹೊಸ ವಿನ್ಯಾಸದ ಮೊದಲ ನಿಯಮ ಅಪ್ಪಯ್ಯ ಹೇಳಿದ್ದೇ: ಮರದ ಮೇಲೆ ಯಾವ ಹೊರೆಯೂ ಇಲ್ಲ. ಚಪ್ಪರ ತನ್ನ ಕಾಲ ಮೇಲೆ ತಾನು ನಿಲ್ಲಬೇಕು, ಮರ ಒಳಗೆ ಅತಿಥಿಯ ಹಾಗೆ ಇರಬೇಕು. ಮರ ಅಲ್ಲಾಡಲಿ, ದಪ್ಪವಾಗಲಿ, ಮಾಡಿಗೆ ತಾಗಬಾರದು.

ಎರಡನೆಯದು ಇಳಿಜಾರು. ನಮ್ಮೂರ ಹಂಚಿನ ಮನೆಗಳ ಮಾಡು ಕಡಿದಾಗಿ ಇಳಿಯೋದು ಯಾಕೆ ಅಂತ ಚಿಕ್ಕಂದಿನಲ್ಲೇ ಗೊತ್ತು. ಇಲ್ಲೂ ನಡುವೆ ಹತ್ತಡಿ, ಸೂರಿನಲ್ಲಿ ಆರಡಿ ಎತ್ತರ ಇಟ್ಟೆ. ಮೇಲೆ ಅಲೆಅಲೆಯಾದ ಪಾರದರ್ಶಕ ಪಾಲಿಕಾರ್ಬೊನೇಟ್ ಶೀಟು, ಬೆಳಕು ಬರುತ್ತೆ, ಹಿಮ ಜಾರುತ್ತೆ. ಆದರೆ ಇಳಿಜಾರಿನ ನಡುವೆ ಮರ ಬಂದರೆ ಜಾರಿ ಬರೋ ಹಿಮಕ್ಕೆ ಕಾಂಡವೇ ಅಣೆಕಟ್ಟು. ಅದರ ಹಿಂದೆ ಹಿಮ ರಾಶಿ ಬಿದ್ದು, ಕರಗಿ, ಮತ್ತೆ ಗಡ್ಡೆ ಕಟ್ಟಿ, ಶೀಟು ಒಡೆಯುತ್ತೆ. ಇದಕ್ಕೆ ಪರಿಹಾರ ಹುಡುಕೋಕೆ ಮೂರು ವಾರ ತಿಣುಕಿದೆ. ಉತ್ತರ ಸರಳ ಇತ್ತು: ಎರಡು ಮರಗಳನ್ನು ಸೇರಿಸೋ ಗೆರೆಯ ಮೇಲೇ ಮಾಡಿನ ನೆತ್ತಿ ಬರಬೇಕು. ಮರ ನೆತ್ತಿಯಲ್ಲಿದ್ದರೆ ಅದಕ್ಕಿಂತ ಮೇಲಿಂದ ಜಾರಿ ಬರೋ ಹಿಮವೇ ಇರಲ್ಲ, ಎರಡೂ ಕಡೆಗೆ ಮರದಿಂದ ದೂರ ಹೋಗುತ್ತೆ. ಎಲ್ಲೋ ಮೂಲೆಯಲ್ಲಿ ಮರ ಸುಧಾರಿಸಿಕೊಳ್ಳಲಿ ಅನ್ನೋ ಬದಲು ಇಡೀ ಚಪ್ಪರವನ್ನೇ ಮರದ ಗೆರೆಗೆ ತಿರುಗಿಸಿದೆ.

ನೆತ್ತಿಯ ತೊಲೆ ಮರ ಬಂದಲ್ಲಿ ನಿಲ್ಲುತ್ತೆ. ಅಲ್ಲಿ ಮರದ ಎರಡೂ ಪಕ್ಕ ಜೋಡಿ ಪಕಾಸಿ, ಅವುಗಳ ನಡುವೆ ದಪ್ಪನೆ ಅಡ್ಡಪಟ್ಟಿ, ಒಟ್ಟು ಒಂದು ಚೌಕಟ್ಟು. ಮನೆ ಮಾಡಿನಲ್ಲಿ ಬೆಳಕಿನ ಕಿಂಡಿ ಬಿಡುವಾಗ ಮಾಡ್ತಾರಲ್ಲ, ಹಾಗೆ. ಚೌಕಟ್ಟಿಗೂ ಕಾಂಡಕ್ಕೂ ನಡುವಿನ ಸಂದನ್ನು ಅರ್ಧ ಇಂಚಿನ ಬೆಸುಗೆ ಜಾಲರಿಯಿಂದ ಮುಚ್ಚಬೇಕು. ಆರು ಮೂಲೆಯ ತೆಳು ಕೋಳಿ ಜಾಲರಿ ಕೋಳಿಯನ್ನು ಒಳಗಿಡುತ್ತೆ ಅಷ್ಟೆ, ರಕೂನ್ ಅದನ್ನು ಹರಿದು ಬರುತ್ತೆ. ಜಾಲರಿಯನ್ನು ಎರಡು ತುಂಡು ಮಾಡಿ ಒಂದರ ಮೇಲೊಂದು ಜಾರುವಂತೆ ಇಟ್ಟೆ, ಮರ ದಪ್ಪವಾದಂತೆ ಹಿಂದೆ ಸರಿಸಬಹುದು. ಅದರ ಮೇಲೆ ಕೊಳಕ್ಕೆ ಹಾಸೋ ರಬ್ಬರ್ ಶೀಟಿನ ಲಂಗ. ಒಂದಿಷ್ಟು ನೀರು ಕಾಂಡದ ಮೇಲೆ ಇಳಿದೇ ಇಳಿಯುತ್ತೆ. ಇಳೀಲಿ, ಅದು ಮರದ ಪಾಲು.

ಕಂಬದ ಗುಂಡಿಗಳದ್ದು ಇನ್ನೊಂದು ಕತೆ. ನಮ್ಮ ಭಾಗದಲ್ಲಿ ಚಳಿಗೆ ನೆಲ ಹೆಪ್ಪುಗಟ್ಟೋ ಆಳಕ್ಕೆ ನಿಯಮ ಹಿಡಿಯೋ ಲೆಕ್ಕ 42 ಇಂಚು. ಬುಡ ಅದಕ್ಕಿಂತ ಮೇಲಿದ್ದರೆ ಹೆಪ್ಪುಗಟ್ಟಿದ ಮಣ್ಣು ಉಬ್ಬಿ ಕಂಬವನ್ನು ಎತ್ತಿಬಿಡುತ್ತೆ. ಆದರೆ ಮರದ ಬೇರುಗಳಲ್ಲಿ ಹೆಚ್ಚಿನವು ಇರೋದು ಮೇಲಿನ ಒಂದೂವರೆ ಎರಡಡಿಯಲ್ಲೇ. ಯಂತ್ರ ತಂದು ಕೊರೆದರೆ ಅರ್ಧ ದಿನದ ಕೆಲಸ, ಬೇರು ಚಿಂದಿ. ಹಾಗಾಗಿ 811ಕ್ಕೆ ಫೋನ್ ಮಾಡಿ ನೆಲದಡಿಯ ತಂತಿ ಕೊಳವೆ ಎಲ್ಲಿವೆ ಅಂತ ಗುರುತು ಹಾಕಿಸಿಕೊಂಡು, ಕೈಯಲ್ಲೇ ಅಗೆದೆ. ದಪ್ಪ ಬೇರು ಸಿಕ್ಕಿದರೆ ಗುಂಡಿ ಮುಚ್ಚಿ ಒಂದಡಿ ಆಚೆ. ಹತ್ತು ಕಂಬಕ್ಕೆ ಹದಿನೇಳು ಗುಂಡಿ ತೋಡಿದೆ. ಕಂಬಗಳ ಅಂತರ ಒಂದೊಂದು ಕಡೆ ಒಂದೊಂದು ಥರ ಆಯ್ತು. ಅತಿ ಉದ್ದದ ಅಂತರಕ್ಕೆ ಲೆಕ್ಕ ಹಾಕಿ ತೊಲೆ ತಂದೆ.

ಹೊರಗಿಂದ ಬಿಲ ತೋಡಿ ಬರೋ ಪ್ರಾಣಿಗಳಿಗೆ ಸಾಮಾನ್ಯವಾಗಿ ಸುತ್ತಲೂ ಕಾಲುವೆ ತೋಡಿ ಜಾಲರಿ ಹೂಳ್ತಾರೆ. ಅದೂ ಬೇರಿಗೆ ಕೊಡಲಿ. ಬದಲಿಗೆ ಜಾಲರಿಯನ್ನು ನೆಲದ ಮೇಲೇ ಹೊರಮುಖವಾಗಿ ಎರಡಡಿ ಹಾಸಿ ಮೇಲೆ ಮಣ್ಣು ಎಳೆದೆ. ನರಿ ಬೇಲಿಯ ಬುಡದಲ್ಲಿ ಕೆರೆಯುತ್ತೆ, ಜಾಲರಿ ಸಿಗುತ್ತೆ, ಎರಡಡಿ ಹಿಂದೆ ಹೋಗಿ ಕೆರೆಯೋ ಯೋಚನೆ ಅದಕ್ಕೆ ಬರಲ್ಲ. ಕೋಳಿಗಳಿಂದಲೂ ಮರವನ್ನು ಕಾಪಾಡಬೇಕು. ಕೆದಕಿ ಕೆದಕಿ ಬೇರು ಬಯಲು ಮಾಡ್ತವೆ, ಹಿಕ್ಕೆ ಹೆಚ್ಚಾದರೆ ಗೊಬ್ಬರವೂ ವಿಷವೇ. ಎರಡೂ ಬುಡದ ಸುತ್ತ ಜಾಲರಿ ಹಾಸಿ ಚಪ್ಪಟೆ ಕಲ್ಲು ಇಟ್ಟೆ. ಉಳಿದ ಕಡೆ ಮರದ ಚಕ್ಕೆ ಹರಡಿದೆ. ಚಕ್ಕೆ ಕಾಂಡಕ್ಕೆ ಒತ್ತಿದರೆ ತೊಗಟೆ ಕೊಳೆಯುತ್ತೆ, ಆದ್ದರಿಂದ ಅಲ್ಲಿ ಮಾತ್ರ ಬಯಲು.

ಪಡುವಣ ಮತ್ತು ಬಡಗಣ ಬದಿಗೆ ಗಾಳಿ ತಡೆಯೋಕೆ ಶೀಟು ಹೊಡೆದೆ, ಮೇಲಿನ ಒಂದಡಿ ಬಿಟ್ಟು. ಆ ಒಂದಡಿ ಯಾಕೆ ಅಂತ ಹೆಂಡತಿ ಕೇಳಿದಳು. ಕೋಳಿ ಒಣಚಳಿ ತಡೆಯುತ್ತೆ, ತೇವ ತಡೆಯಲ್ಲ. ಉಸಿರಿನ ತೇವ ಒಳಗೇ ನಿಂತರೆ ಜುಟ್ಟು ಹೆಪ್ಪುಗಟ್ಟಿ ಕಪ್ಪಾಗುತ್ತೆ.

ಮೇಲೆ ಚಾಚಿದ್ದ ಓಕಿನ ಒಣಕೊಂಬೆಗಳನ್ನು ಫೆಬ್ರವರಿಯಲ್ಲೇ ತೆಗೆಸಿದ್ದೆ. ಏಪ್ರಿಲಿನಿಂದ ಜುಲೈವರೆಗೆ ಇಲ್ಲಿ ಓಕನ್ನು ಕತ್ತರಿಸಬಾರದು. ಓಕ್ ವಿಲ್ಟ್ ಅನ್ನೋ ಶಿಲೀಂಧ್ರ ರೋಗವನ್ನು ಹೊತ್ತ ಜೀರುಂಡೆಗಳು ಹಸಿ ಗಾಯದ ವಾಸನೆಗೆ ಬರುತ್ತವೆ.

ಎಲ್ಲ ತೀರ್ಮಾನವಾಗಿ ಉಳಿದಿದ್ದು ಒಂದೇ ಅಳತೆ, ಮರಕ್ಕೆ ಬಿಡೋ ಜಾಗ. ಪಕಾಸಿ ಕೊಯ್ಯೋ ದಿನ ಬಂತು. ಬಡಗಿ ತಾತ ತಮ್ಮ ಗರಗಸ ಹಿಡಿದು ನಿಂತಿದ್ದರು, ಪೆನ್ಸಿಲ್ ಕಿವಿಯ ಸಂದಿಯಲ್ಲಿ. ಮತ್ತೆ ಕೇಳಲಿಲ್ಲ, ಕಾದರು. ನಾನು ಹೆಂಡತಿಯ ಮುಖ ನೋಡಿದೆ. ಅವಳು, “ನನ್ನನ್ಯಾಕೆ ನೋಡ್ತೀಯ, ಅಳತೆ ಹೇಳು” ಅಂದಳು. ಮಗಳು ಮೇಪಲಿಗೆ ಒರಗಿ ನಿಂತಿದ್ದಳು.

“ಎಲ್ಲಾ ಕಡೆ ಆರಿಂಚು” ಅಂದೆ.

ಕೆಲಸ ಮುಗಿದಿದ್ದು ಅಕ್ಟೋಬರಿನಲ್ಲಿ. ಅಪ್ಪಯ್ಯನಿಗೆ ವಿಡಿಯೋದಲ್ಲಿ ತೋರಿಸಿದೆ. ಈ ಸಲ ಅವರಿಗೆ ಖುಷಿಯಾಯ್ತು. ಪಕಾಸಿ ಎಣಿಸಿದರು, ರೀಪಿನ ಅಂತರ ಕೇಳಿದರು. “ನೆತ್ತಿ ಮರದ ಮೇಲೇ ತಂದಿದ್ದು ಒಳ್ಳೇದಾಯ್ತು” ಅಂದರು. ಆಮೇಲೆ ಫೋನನ್ನು ಕಿಂಡಿಯ ಹತ್ತಿರ ಹಿಡಿಯೋಕೆ ಹೇಳಿದರು.

“ಎಷ್ಟು ಬಿಟ್ಟಿದ್ದೀಯ?”

“ಆರಿಂಚು.”

“ಮರ ವರ್ಷಕ್ಕೆ ಎಷ್ಟು ದಪ್ಪ ಆಗ್ತದೆ?”

“ಹೆಚ್ಚಂದ್ರೆ ಅರ್ಧ ಇಂಚು. ಒಂದು ಪಕ್ಕಕ್ಕೆ ಕಾಲಿಂಚು.”

ಅಪ್ಪಯ್ಯ ಓದಿದ್ದು ಏಳನೇ ಕ್ಲಾಸು. ಆದರೆ ಅಡಿಕೆ ವ್ಯಾಪಾರಕ್ಕೆ ಕೂತರೆ ಅವರ ಬಾಯಿಲೆಕ್ಕದ ಮುಂದೆ ಕ್ಯಾಲ್ಕುಲೇಟರ್ ತಡ. “ಅಲ್ಲಾಡೋಕೆ ಒಂದಿಂಚು ತೆಗೆದ್ರೆ ಇಪ್ಪತ್ತು ವರ್ಷ ಆತು” ಅಂದರು.

ನಾನು ಹೂಂ ಅಂದೆ. ಬೇರೇನೂ ಹೇಳೋಕೆ ಬರಲಿಲ್ಲ. ಅವರ ಹಿಂದೆ ಗೋಡೆ ಗಡಿಯಾರದ ಸದ್ದು ನನಗೆ ಕೇಳ್ತಿತ್ತು.

“ಆಯ್ತು ಬಿಡು. ಕೆಂಚಿ ಮೊಟ್ಟೆ ಇಡ್ತಾ ಇದ್ಯಾ?” ಅಂತ ಕೇಳಿದರು. ಇಡ್ತಿದೆ ಅಂದೆ. ಚಳಿಗಾಲದಲ್ಲಿ ಹಗಲು ಚಿಕ್ಕದಾದಾಗ ಕಮ್ಮಿಯಾಗುತ್ತೆ ಅಂತ ವಿವರಿಸಿದೆ. ಅವರು ಕೇಳಿಸಿಕೊಂಡರು.

ಮರುವಾರ ಅಮ್ಮ ಫೋನ್ ಮಾಡಿದಾಗ ಹೇಳಿದಳು, ಕೆಳಗಿನ ತೋಟಕ್ಕೆ ಅಡಿಕೆ ಸಸಿ ಬೇಡ ಅಂತ ಅಪ್ಪಯ್ಯ ತೀರ್ಮಾನ ಮಾಡಿದರಂತೆ. ಬದಲಿಗೆ ಹಲಸು, ಮಾವು, ಅಪ್ಪೆಮಿಡಿ ಹಾಕ್ತಾರಂತೆ. ಅವಕ್ಕೆ ವರ್ಷವರ್ಷ ಔಷಧಿ ಹೊಡೆಯೋಕೆ, ಕೊನೆ ತೆಗೆಯೋಕೆ ಜನ ಬೇಡ. ನೋಡಿಕೊಳ್ಳೋರು ಇಲ್ಲದಿದ್ದರೂ ಬದುಕಿಕೊಳ್ಳುತ್ತವೆ. ಅಮ್ಮ ಇದನ್ನು ಅಡುಗೆಗೆ ಏನು ಮಾಡಿದೆ ಅಂತ ಹೇಳೋ ಹಾಗೇ ಹೇಳಿದಳು. ನಾನು ಕಾಲ್ ಮುಗಿಸಿ ಹೊರಗೆ ಹೋಗಿ, ಮಾಡಬೇಕಾದ ಕೆಲಸ ಏನೂ ಇಲ್ಲದಿದ್ದರೂ, ಸುಮಾರು ಹೊತ್ತು ಕೋಳಿ ಅಂಗಳದಲ್ಲಿ ಚಕ್ಕೆ ಹರಡ್ತಾ ಇದ್ದೆ.

ತಮಾಷೆ ಏನಂದ್ರೆ ಆ ಚಳಿಗಾಲ ಹಿಮವೇ ಬೀಳಲಿಲ್ಲ. 2023-24ರ ಚಳಿಗಾಲ ಮಿನ್ನೆಸೋಟದಲ್ಲಿ ದಾಖಲೆಯ ಬೆಚ್ಚನೆಯದು. ಕೆರೆಗಳ ಮೇಲೆ ಕೂತು ಮೀನು ಹಿಡಿಯೋರು ಮಂಜುಗಡ್ಡೆ ಗಟ್ಟಿಯಾಗಲಿಲ್ಲ ಅಂತ ಗೊಣಗಿದರು. ಚದರಡಿಗೆ ಲೆಕ್ಕ ಹಾಕಿ ಕಟ್ಟಿದ ನನ್ನ ಮಾಡು ಎಲೆ ಹೊತ್ತುಕೊಂಡು ನಿಂತಿತ್ತು. ಮಾರ್ಚ್ ಕೊನೆಯ ವಾರ ಮಾತ್ರ ಒಮ್ಮೆ ಒದ್ದೆ ಹಿಮ ಬಿತ್ತು. ಆ ರಾತ್ರಿ ನಾನೂ ಮಗಳೂ ನಿದ್ದೆ ಮಾಡದೇ ಕಿಟಕಿಯಲ್ಲಿ ಕೂತೆವು. ಬೆಳಗಿನ ಜಾವ ದೊಡ್ಡ ಸದ್ದು. ಮಗಳು ನನ್ನ ತೋಳು ಹಿಡಿದಳು. ನೋಡಿದರೆ ಪೂರ್ವದ ಇಳಿಜಾರಿನ ಹಿಮ ಪೂರ್ತಿ ಒಂದೇ ಹಾಸಾಗಿ ಜಾರಿ ಹೊರಗೆ ಬಿದ್ದಿತ್ತು. ಸ್ವಲ್ಪ ಹೊತ್ತಿಗೆ ಪಶ್ಚಿಮದ್ದು. ಎಂಟಕ್ಕೆ ಬಾಗಿಲನ್ನು ಕೈಯಲ್ಲೇ ತೆರೆದೆ. ಟೈಮರ್ ಅನ್ನು ಕಳಚಿ ಒಂದು ವರ್ಷವಾಗಿತ್ತು. ಐದೂ ಬಂದವು. ಕೆಂಚಿ ಮೇಪಲಿನ ಬುಡದ ಕಲ್ಲು ಹತ್ತಿ ಮೈ ಕೊಡವಿತು.

ಹೋದ ಮೇ ತಿಂಗಳು ಊರಿಗೆ ಹೋಗಿದ್ದೆವು. ಅಪ್ಪಯ್ಯ ಮೊಮ್ಮಗಳನ್ನು ಕೆಳಗಿನ ತೋಟಕ್ಕೆ ಕರೆದುಕೊಂಡು ಹೋಗಿ ಪ್ರತಿ ಸಸಿಯ ಮುಂದೆ ನಿಲ್ಲಿಸಿ ಹೆಸರು ಹೇಳಿಸಿದರು. ಇಪ್ಪತ್ತು ವರ್ಷದ ಬಗ್ಗೆ ನಾನೂ ಮಾತೆತ್ತಲಿಲ್ಲ, ಅವರೂ ಎತ್ತಲಿಲ್ಲ. ಹೊರಡೋ ಹಿಂದಿನ ಸಂಜೆ ಜಗಲಿಯಲ್ಲಿ ಕೂತಿದ್ದಾಗ, “ಆ ಜಾಲರಿ ಹಿಂದೆ ಸರಿಸೋದು ಮರೀಬೇಡ. ವರ್ಷಕ್ಕೊಮ್ಮೆ ನೋಡ್ಬೇಕು. ಇಲ್ದಿದ್ರೆ ಮರದೊಳಗೆ ಹೋಗಿಬಿಡ್ತದೆ” ಅಂದರು.

ಈಗ ಪ್ರತಿ ಏಪ್ರಿಲಿನಲ್ಲಿ, ಎಲೆ ಚಿಗುರುವ ಮುಂಚೆ, ಮಗಳು ಏಣಿ ಹತ್ತಿ ಟೇಪು ಹಿಡೀತಾಳೆ, ನಾನು ಬರೆದುಕೊಳ್ತೇನೆ. ಮೇಪಲ್ ಕಡೆ ಆರಿಂಚು ಆಗಲೇ ಆರಿಂಚಾಗಿ ಉಳಿದಿಲ್ಲ. ಅಳತೆಯನ್ನು ಅವಳೇ ಫೋನ್ ಮಾಡಿ ಅಜ್ಜಯ್ಯನಿಗೆ ಹೇಳ್ತಾಳೆ. ಅವರು ತಮ್ಮ ಹಲಸಿನ ಸಸಿ ಎಲ್ಲಿವರೆಗೆ ಬಂತು ಅಂತ ಹೇಳ್ತಾರೆ. ಹೋದ ಸಲ ಮೊಣಕಾಲಿಗೆ ಬಂದಿತ್ತು, ಈಗ ಸೊಂಟಕ್ಕೆ.